ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ಉಪಾಧ್ಯಾಯನ ಹೊಣೆ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ನಡೆದ ಉಪನ್ಯಾಸ)



ಮಠವೆಂದರೆ ಅನ್ನದೊಡನೆ ಅಕ್ಷರವನ್ನೂ ನೀಡುವ ಸ್ಥಾನವೆಂಬುದು ಕನ್ನಡನಾಡಿನಲ್ಲಿ ಸರ್ವರಿಗೂ ವಿದಿತವಾದ ಸಂಗತಿ. ಆದಕಾರಣ ಇಂತಹ ಮಹೋತ್ಸವದ ಕಾಲದಲ್ಲಿ ವಿದ್ಯೆಯ ವಿಷಯವಾಗಿ ನಾಲ್ಕು ಮಾತುಗಳು ಸಲ್ಲುವುದು ಉಚಿತವೇ ಆಗಿದೆ. ಆದರೆ ವಿದ್ಯೆಯ ಮಹಿಮೆಯನ್ನು ಕೊಂಡಾಡುವುದು ಈ ಉಪನ್ಯಾಸದ ಉದ್ದೇಶವಲ್ಲ. ಅದನ್ನು ಒಪ್ಪದವರು ಈ ಸಭೆಯಲ್ಲಿ ಒಬ್ಬರೂ ಇರಲಾರರು. ಪಿ.ಯು.ಸಿ. ಪರೀಕ್ಷೆಯ ಕೊನೆಯ ಪತ್ರಿಕೆಯನ್ನು ಬರೆದು ಹೊರಗೆ ಬಂದ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಕುಳಿತುಕೊಳ್ಳುವವರೆಗೆ ನಡುವೆ ಕೆಲವು ತಿಂಗಳ ದಾರಿಯೊಂದುಂಟು. ಆ ದಾರಿಯಲ್ಲಿ ಆ ಮಗುವಿಗೆ ಜೊತೆಯಾಗತಕ್ಕವರು ಯಾರು, ಅವರು ತಿಳಿದಿರಬೇಕಾದುದೇನು, ಮಾಡಬಾರದುದೇನು ಎಂಬುದೇ ಇಲ್ಲಿಯ ವಿಚಾರ.

ಈ ನಡುದಾರಿಯ ವಿಶೇಷವೇನೆಂದರೆ, ಅಲ್ಲಿ ವಿದ್ಯಾರ್ಥಿಯು ಯಾರ ವಿದ್ಯಾರ್ಥಿಯೂ ಅಲ್ಲ. ಪಿ.ಯು. ಕಾಲೇಜಿನವರು ವರ್ಗಾವಣೆ ಪತ್ರವನ್ನು ಕೈಗಿತ್ತು, ತಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಮುಂದಿನ ಕಾಲೇಜಿನವರಿಗೆ ಆತನ ಹೆಸರೇ ತಿಳಿಯದು. ವಿದ್ಯಾವಂತರ ಮನೆಯಾದರೆ ತಂದೆಯೋ ಅಕ್ಕನೋ ಈ ಅಂತರವನ್ನು ತುಂಬುತ್ತಾರೆ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಕಡೆಗೆ ಹೆಜ್ಜೆಯಿಡುವ ಮಗುವಿಗೆ ಅಂಥವರು ಇರುವುದಿಲ್ಲ. ಹೀಗಾಗಿ ಅಂಕಗಳ ಕೊರತೆಯಿಲ್ಲದೆಯೂ, ಬುದ್ಧಿಯ ಕೊರತೆಯಿಲ್ಲದೆಯೂ, ಒಂದು ಪತ್ರದ ಕೊರತೆಯಿಂದ, ಒಂದು ದಿನದ ತಡದಿಂದ, ಒಂದು ಅಂಕಣವನ್ನು ತಪ್ಪಾಗಿ ತುಂಬಿದುದರಿಂದ ಸ್ಥಾನ ಕೈತಪ್ಪುವುದುಂಟು. ಹೊಲವನ್ನು ಉತ್ತು, ಬಿತ್ತಿ, ಕಳೆ ಕಿತ್ತು, ತೆನೆ ಮಾಗಿದ ಮೇಲೆ ಸುಗ್ಗಿಯ ಕಾಲದಲ್ಲಿ ಹೊಲವನ್ನು ಬಿಟ್ಟು ಹೋಗುವ ಒಕ್ಕಲಿಗನನ್ನು ಲೋಕವು ಏನೆಂದೀತು? ಹನ್ನೆರಡು ವರ್ಷ ಓದಿಸಿ ಎರಡು ತಿಂಗಳು ಕೈಬಿಡುವುದು ಅದಕ್ಕಿಂತ ಬೇರೆಯಲ್ಲ.

ಈ ಮಾತಿಗೆ ಬೆಂಗಳೂರಿನ ದಂಡು ಪ್ರದೇಶವೂ ಅದರ ಪೂರ್ವದ ಬಡಾವಣೆಗಳೂ ಉತ್ತಮ ನಿದರ್ಶನವಾಗಿವೆ. 1809ರ ಸುಮಾರಿಗೆ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಗೊಂಡಿತು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಹಿಂದಿರುಗಿದಾಗಲೂ ದಂಡು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಒಂದೇ ಊರಿನಲ್ಲಿ ಪೇಟೆಗೊಂದು ಸರ್ಕಾರ, ದಂಡಿಗೊಂದು ಸರ್ಕಾರ. 1947ರಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳು ಕೂಡಿ ಒಂದೇ ನಗರಸಭೆಯಾಯಿತು.

ಉನ್ನತ ವಿದ್ಯೆಯ ದಾರಿಯೂ ಹೀಗೆಯೇ ಕವಲೊಡೆದಿತ್ತು. 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ವಿದ್ಯಾಸಂಸ್ಥೆಯೂ, 1882ರಲ್ಲಿ ಹುಟ್ಟಿದ ಸೇಂಟ್ ಜೋಸೆಫರ ಕಾಲೇಜೂ, 1857ರಲ್ಲಿ ಸ್ಥಾಪಿತವಾದ ದೂರದ ಮದ್ರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುತ್ತಿದ್ದುವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಉದಯಿಸಿದ ಮೇಲೆ ಪೇಟೆಯ ಸೆಂಟ್ರಲ್ ಕಾಲೇಜು ಅದಕ್ಕೆ ಸೇರಿತು. ದಂಡಿನ ಸೇಂಟ್ ಜೋಸೆಫರ ಕಾಲೇಜು ಮದ್ರಾಸಿನೊಡನೆಯೇ ಇತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬಂದಿತು. 2017ರಲ್ಲಿ ಅದೂ ವಿಭಾಗವಾಗಿ ಸೆಂಟ್ರಲ್ ಕಾಲೇಜಿನ ಆವರಣದಲ್ಲೊಂದು, ಕೋಲಾರದಲ್ಲಿ ಕೇಂದ್ರವುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವೊಂದು ಕಾರ್ಯಾರಂಭ ಮಾಡಿದುವು. 2022ರಲ್ಲಿ ಸೇಂಟ್ ಜೋಸೆಫರ ಕಾಲೇಜು ತಾನೇ ಒಂದು ವಿಶ್ವವಿದ್ಯಾನಿಲಯವಾಯಿತು. ಬಾಗಿಲುಗಳು ಹೆಚ್ಚಿದುವು, ಹೆಚ್ಚಿದಷ್ಟೂ ಯಾವ ಬಾಗಿಲು ಯಾರಿಗೆ ತೆರೆಯುವುದೆಂಬ ತಿಳಿವಳಿಕೆಯೂ ದುರ್ಲಭವಾಯಿತು. ಆ ತಿಳಿವಳಿಕೆಯಾದರೋ ಮೊದಲಿನಿಂದಲೂ ಕಚೇರಿಯ ಪರಿಚಯವುಳ್ಳ ಕೆಲವು ಮನೆಗಳ ಸೊತ್ತಾಗಿಯೇ ಬಂದಿದೆ.

ಆ ಸೊತ್ತನ್ನು ಹೊರಗಿನವರಿಗೂ ಹಂಚಿದ ಪುಣ್ಯಾತ್ಮರು ಇಲ್ಲದಿಲ್ಲ. ದಂಡಿನಲ್ಲಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ಉಚಿತ ಪಾಠಶಾಲೆಯನ್ನು ತೆರೆದರು. ಅವರ ಹೆಸರಿನ ವಿದ್ಯಾಸಂಸ್ಥೆಗಳು ಹಲಸೂರು ಕೆರೆಯ ಸಮೀಪದಲ್ಲಿ ನಡೆದುಕೊಂಡು ಬಂದಿವೆ. ಪೇಟೆಯ ಕಡೆಯಲ್ಲಿ ಗುಬ್ಬಿ ತೋಟದಪ್ಪನವರು ರೈಲ್ವೆ ನಿಲ್ದಾಣದ ಬಳಿ 1903ರಲ್ಲಿ ಧರ್ಮಛತ್ರವನ್ನು ತೆರೆದು, ಅವರ ಧರ್ಮಸಂಸ್ಥೆಯ ಮೂಲಕ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳಿಗೆ ಆಶ್ರಯ ದೊರೆಯಿತು. ಉತ್ತರದಲ್ಲಿ 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗಾಗಿ ಬಿಟ್ಟುಹೋದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು (1907–2019) ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿಯೇ, 1930ರಲ್ಲಿ, ಮಠದ ಹೊಣೆಗೆ ಆಯ್ಕೆಯಾದರೆಂಬುದು ಭಕ್ತರೆಲ್ಲರಿಗೂ ತಿಳಿದ ಸಂಗತಿ.

ಒಬ್ಬ ಉಪಾಧ್ಯಾಯನು ಈ ನಡುದಾರಿಯಲ್ಲಿ ಏನು ಮಾಡಬಲ್ಲನೆಂಬುದಕ್ಕೆ ಸೆಂಟ್ರಲ್ ಕಾಲೇಜಿನ ಇತಿಹಾಸದಲ್ಲಿಯೇ ಒಂದು ಉದಾಹರಣೆಯಿದೆ. ಮುದ್ದೇನಹಳ್ಳಿಯಿಂದ ಬಂದ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಜೀವನ ಸಾಗಿಸುತ್ತ ಓದಿ, 1881ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು. ಆಗ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಅವರು ಈ ಶಿಷ್ಯನನ್ನು ಮಮತೆಯಿಂದ ಕಂಡು ಪ್ರೋತ್ಸಾಹಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವೂ ದೊರೆತು, ಆ ತರುಣನು ಪುಣೆಯ ಸೈನ್ಸ್ ಕಾಲೇಜಿಗೆ ಹೋಗಿ ಎಂಜಿನಿಯರಿಂಗ್ ಕಲಿತನು. ಮುಂದಿನದು ಲೋಕಪ್ರಸಿದ್ಧ. ಪಾಠ ಮುಗಿದ ಮೇಲೂ ಶಿಷ್ಯನ ಮುಂದಿನ ದಾರಿಯನ್ನು ಗಮನಿಸುವ ಗುರುವಿದ್ದರೆ ಆಗುವ ಪ್ರಯೋಜನವು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣವಾಗಲಿ. ಶಿವಾಜಿನಗರದ ಓಣಿಗಳಲ್ಲಿ ಉರ್ದು, ತಮಿಳು, ಕನ್ನಡ, ತೆಲುಗು ಒಂದೇ ಮನೆಯ ಮುಂದೆ ಕೇಳಿಬರುತ್ತವೆ. ರಸಲ್ ಮಾರುಕಟ್ಟೆಯ ಸುತ್ತ ದುಡಿಯುವ ತಂದೆಗೆ ಮಗಳು ತುಂಬುವ ಅರ್ಜಿಯ ಭಾಷೆ ಅಪರಿಚಿತ. ಇಂದಿರಾನಗರದಲ್ಲಿ ಹಣ ಕೊಟ್ಟು ಸಲಹೆ ಪಡೆಯುವ ಅನುಕೂಲವಂತರಿದ್ದಾರೆ. ಅವರ ಮಕ್ಕಳಿಗೆ ಹೊರದೇಶದ ವಿಶ್ವವಿದ್ಯಾನಿಲಯಗಳ ಅರ್ಜಿಯೂ ಕಷ್ಟವಲ್ಲ. ಕೃಷ್ಣರಾಜಪುರದ ಕಡೆ, 1948ರಲ್ಲಿ ದೂರವಾಣಿ ಕಾರ್ಖಾನೆ ಬಂದಂದಿನಿಂದ ದುಡಿಮೆಗಾಗಿ ದೂರದೂರಿಂದ ಬಂದು ನೆಲೆಸಿದ ಸಂಸಾರಗಳು ಬಹಳ. 2023ರಲ್ಲಿ ಮೆಟ್ರೋ ರೈಲು ಕೃಷ್ಣರಾಜಪುರದವರೆಗೆ ಒಂದಾಗಿ ಕೂಡಿಕೊಂಡುದರಿಂದ, ಅಲ್ಲಿ ಹತ್ತಿದ ವಿದ್ಯಾರ್ಥಿಯು ಇಂದಿರಾನಗರ, ಹಲಸೂರುಗಳನ್ನು ದಾಟಿ, ಇಳಿಯದೆಯೇ ಸೆಂಟ್ರಲ್ ಕಾಲೇಜಿನ ಬಾಗಿಲಿಗೆ ಬರಬಹುದು. ಆ ನಿಲ್ದಾಣಕ್ಕೆ ವಿಶ್ವೇಶ್ವರಯ್ಯನವರ ಹೆಸರೇ ಇದೆ. ಆದರೆ ಒಂದೇ ರೈಲಿನಲ್ಲಿ ಕುಳಿತ, ಒಂದೇ ಅಂಕ ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ದಾರಿ ಹೇಳುವವರಿದ್ದು ಇನ್ನೊಬ್ಬನಿಗೆ ಇಲ್ಲದಿದ್ದರೆ, ಇಬ್ಬರೂ ಒಂದೇ ಕಡೆ ಇಳಿಯುವರೆಂದು ಹೇಳುವಂತಿಲ್ಲ.

ಆದಕಾರಣ ಪ್ರತಿಯೊಂದು ಪಿ.ಯು. ಕಾಲೇಜಿನಲ್ಲಿಯೂ ಪ್ರವೇಶದ ವಿಷಯವನ್ನೇ ಹೊಣೆಯಾಗಿ ಹೊತ್ತ ಒಬ್ಬ ಉಪಾಧ್ಯಾಯರಾದರೂ ಇರತಕ್ಕದ್ದು. ಅವರು ತಿಳಿದಿರಬೇಕಾದ ಅಂಶಗಳನ್ನು ಕ್ರಮವಾಗಿ ಹೇಳುವುದಾದರೆ, ಮೊದಲನೆಯದು ಪತ್ರಗಳು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ಹೆಸರು, ಆಧಾರಿನಲ್ಲಿರುವ ಹೆಸರು, ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿರುವ ಹೆಸರು ಒಂದೇ ಆಗಿರಬೇಕು. ಉರ್ದುವಿನಲ್ಲಿಯೋ ತಮಿಳಿನಲ್ಲಿಯೋ ಸರಿಯಾಗಿರುವ ಹೆಸರು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯಲ್ಪಟ್ಟಿರುವುದು ದಂಡು ಪ್ರದೇಶದಲ್ಲಿ ಸಾಮಾನ್ಯ. ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕಾಗುತ್ತದೆ; ಅದು ಇಲ್ಲದಿದ್ದರೆ ಮೀಸಲಾತಿಯ ಹಕ್ಕು ಇದ್ದೂ ಇಲ್ಲದಂತೆಯೇ. ವೀರಶೈವ ಲಿಂಗಾಯತರು ಸೇರಿರುವ 3ಬಿ ವರ್ಗದ ವಿದ್ಯಾರ್ಥಿಗಳಿಗೂ ಈ ನಿಯಮ ಅನ್ವಯಿಸುತ್ತದೆಂಬುದನ್ನು ಭಕ್ತರು ಮರೆಯಬಾರದು.

ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ, ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೂ ಪ್ರತ್ಯೇಕ ಪಾಲು ಇದೆ. ಅದಕ್ಕೆ ಓದಿದ ಶಾಲೆಗಳ ಪ್ರಮಾಣಪತ್ರಗಳು ಬೇಕು. ಅವುಗಳ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಬೇಕು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ, 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371ಜೆ ವಿಧಿಯಂತೆ, ಬೇರೊಂದು ಪಾಲೂ ಉಂಟು. ಅದಕ್ಕೆ ಉಪವಿಭಾಗಾಧಿಕಾರಿಗಳ ಪ್ರಮಾಣಪತ್ರ ಆವಶ್ಯಕ. ಯಾದಗಿರಿಯ ಹಳ್ಳಿಯಲ್ಲಿ ಹತ್ತನೆಯ ತರಗತಿ ಮುಗಿಸಿ, ಕಟ್ಟಡದ ಕೆಲಸಕ್ಕೆ ಬಂದ ತಂದೆತಾಯಿಗಳೊಡನೆ ಕೃಷ್ಣರಾಜಪುರದಲ್ಲಿ ಪಿ.ಯು.ಸಿ. ಓದುವ ಹುಡುಗಿಯನ್ನು ನೆನೆದುಕೊಂಡರೆ ಸಾಕು. ಇವೆಲ್ಲಕ್ಕೂ ಆಕೆಯೇ ಅರ್ಹಳು. ಆದರೆ ಪತ್ರಗಳಿಗಾಗಿ ಊರಿಗೆ ಹೋಗಿ ಬರಲು ದಿನಗಳು ಬೇಕು, ತಂದೆಯ ಕೂಲಿ ಹೋಗುತ್ತದೆ, ಬೇಸಗೆಯಲ್ಲಿ ಶಾಲೆ ಮುಚ್ಚಿರುತ್ತದೆ. ಈ ಕೆಲಸವನ್ನು ಪ್ರಥಮ ಪಿ.ಯು.ಸಿ.ಯ ದಸರಾ ರಜೆಯಲ್ಲಿಯೇ ಮಾಡಿಸಿದ ಉಪಾಧ್ಯಾಯರು ಆ ಹುಡುಗಿಗೆ ಹತ್ತು ಪಾಠಗಳಿಗಿಂತ ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ.

ಎರಡನೆಯದು ಬಾಗಿಲುಗಳು ಮುಚ್ಚುವ ಕಾಲ. ಫಲಿತಾಂಶ ಬಂದ ಮೇಲೆ ವಿಚಾರ ಮಾಡಿದರಾಯಿತೆಂಬ ನಂಬಿಕೆ ಎಲ್ಲೆಡೆಯೂ ಇದೆ; ಇದು ಹಾನಿಕರವಾದುದು. ನ್ಯಾಯಶಾಸ್ತ್ರದ ರಾಷ್ಟ್ರೀಯ ವಿದ್ಯಾಲಯಗಳಿಗೆ ನಡೆಯುವ ಕ್ಲಾಟ್ ಪರೀಕ್ಷೆಯು ಈಚಿನ ವರ್ಷಗಳಲ್ಲಿ ಡಿಸೆಂಬರ್ ತಿಂಗಳಿನಲ್ಲಿಯೇ ನಡೆಯುತ್ತಿದೆ. ಅಂತಹ ವಿದ್ಯಾಲಯಗಳಲ್ಲಿ ಮೊದಲನೆಯದು ಬೆಂಗಳೂರಿನಲ್ಲಿಯೇ ಇದ್ದರೂ, ದಂಡಿನ ಸರ್ಕಾರಿ ಕಾಲೇಜಿನ ಮಗು ಅದರ ಹೆಸರನ್ನು ಕೇಳುವ ವೇಳೆಗೆ ಪರೀಕ್ಷೆಯೇ ಮುಗಿದಿರುತ್ತದೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗಾಗಿ 2022ರಲ್ಲಿ ಆರಂಭವಾದ ಸಿ.ಯು.ಇ.ಟಿ. ಪರೀಕ್ಷೆಯ ಅರ್ಜಿಯೂ ವರ್ಷದ ಮೊದಲ ತಿಂಗಳುಗಳಲ್ಲಿಯೇ ಬರುತ್ತದೆ; 2009ರಲ್ಲಿ ಸ್ಥಾಪಿತವಾದ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೂ ಅದೇ ದಾರಿ. ಸರ್ಕಾರಿ ಪದವಿ ಕಾಲೇಜುಗಳ ಅರ್ಜಿಯು ಯು.ಯು.ಸಿ.ಎಂ.ಎಸ್. ಎಂಬ ಜಾಲತಾಣದ ಮೂಲಕ ಫಲಿತಾಂಶದ ಬಳಿಕ ನಡೆಯುತ್ತದೆ. ಒಂದೊಂದು ಬಾಗಿಲಿಗೂ ಒಂದೊಂದು ಕಾಲ. ಇವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಜೂನ್ ತಿಂಗಳಿನಲ್ಲಿಯೇ ತರಗತಿಯ ಗೋಡೆಗೆ ಅಂಟಿಸುವುದಕ್ಕೆ ಖರ್ಚೇನೂ ಇಲ್ಲ.

ಈ ನಿಯಮಗಳು ಸ್ಥಿರವಾದುವಲ್ಲವೆಂಬುದನ್ನೂ ಗಮನಿಸತಕ್ಕದ್ದು. 2021ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮ ಕರ್ನಾಟಕಕ್ಕೆ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷದ ಕ್ರಮವೇ ಆಯಿತು. ಅದೇ 2024ರಿಂದ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯತೊಡಗಿತು. ಮೊದಲನೆಯದರಲ್ಲಿ ಎಡವಿದ ಮಗುವು ಒಂದು ವರ್ಷವನ್ನು ಕಳೆದುಕೊಳ್ಳಬೇಕಾಗಿಲ್ಲವೆಂಬ ಮಾತನ್ನು ಫಲಿತಾಂಶದ ದಿನವೇ ಅದರ ಕಿವಿಯಲ್ಲಿ ಹಾಕುವುದು ಎಷ್ಟೋ ಮನೆಗಳ ದುಃಖವನ್ನು ತಪ್ಪಿಸೀತು. ಹಿಂದಿನ ವರ್ಷದ ನೆನಪಿನಿಂದ ಸಲಹೆ ಕೊಡುವ ಉಪಾಧ್ಯಾಯನು, ತಿಥಿ ನೋಡದೆ ಹಬ್ಬ ಹೇಳಿದಂತೆ. ಆ ವರ್ಷದ ಪ್ರಕಟಣೆಯನ್ನು ತಾನೇ ಓದಿದ ಬಳಿಕವೇ ಬಾಯಿ ತೆರೆಯುವುದು ಮೇಲು.

ಮೂರನೆಯದು ಆಯ್ಕೆಗಳ ಕ್ರಮ. ವೃತ್ತಿಶಿಕ್ಷಣಕ್ಕೆ 1994ರಿಂದ ಸರ್ಕಾರದ ಒಂದು ಕೇಂದ್ರ ವ್ಯವಸ್ಥೆಯೂ, ಸಿ.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯೂ ನಡೆದುಕೊಂಡು ಬಂದಿವೆ. ಎಂಜಿನಿಯರಿಂಗ್ ವಿಷಯದಲ್ಲಿ ಸ್ಥಾನಕ್ರಮವನ್ನು ನಿರ್ಣಯಿಸುವಾಗ ಪಿ.ಯು.ಸಿ.ಯ ಭೌತ, ರಸಾಯನ, ಗಣಿತಗಳ ಅಂಕಗಳಿಗೆ ಅರ್ಧ ಬೆಲೆ, ಸಿ.ಇ.ಟಿ. ಅಂಕಗಳಿಗೆ ಇನ್ನರ್ಧ. ಸ್ಥಾನಕ್ರಮ ಬಂದ ಮೇಲೆ ವಿದ್ಯಾರ್ಥಿಯು ತಾನು ಬಯಸುವ ಕಾಲೇಜು ಮತ್ತು ವಿಷಯಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಇಲ್ಲಿ ಬಡಮಕ್ಕಳು ಮಾಡುವ ತಪ್ಪೊಂದುಂಟು. ತಮಗೆ ದೊರೆಯದೆಂಬ ಭಯದಿಂದ, ನಿಜವಾಗಿ ಬಯಸಿದುದನ್ನು ಕೆಳಗೆ ಬರೆದು, ಸುಲಭವಾಗಿ ದೊರೆಯುವುದನ್ನು ಮೇಲೆ ಬರೆಯುತ್ತಾರೆ. ಅಥವಾ ಬಯಸಿದುದನ್ನು ಬರೆಯುವುದೇ ಇಲ್ಲ.

ಸೀಟು ಹಂಚಿಕೆಯ ರೀತಿಯನ್ನು ತಿಳಿದರೆ ಈ ಭಯಕ್ಕೆ ಕಾರಣವಿಲ್ಲ. ಒಬ್ಬೊಬ್ಬರ ಸರದಿ ಸ್ಥಾನಕ್ರಮದಂತೆ ಬರುತ್ತದೆ. ಸರದಿ ಬಂದಾಗ ಆ ವಿದ್ಯಾರ್ಥಿಯ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ಆತನ ಅರ್ಹತೆಗೆ ಖಾಲಿ ಇರುವ ಮೊದಲನೆಯದನ್ನು ಕೊಡಲಾಗುತ್ತದೆ. ಮೇಲೆ ಬರೆದುದು ದೊರೆಯದಿದ್ದರೆ ಕೆಳಗಿನದಕ್ಕೆ ಅದರಿಂದ ಯಾವ ಹಾನಿಯೂ ಇಲ್ಲ. ಆದರೆ ಮೇಲಿನದು ದೊರೆತರೆ ಕೆಳಗಿನವೆಲ್ಲವೂ ಹೋಗುತ್ತವೆ. ಆದಕಾರಣ ನಿಯಮ ಇಷ್ಟೇ: ನಿಜವಾದ ಇಷ್ಟದ ಕ್ರಮದಲ್ಲಿಯೇ ಬರೆಯತಕ್ಕದ್ದು, ದೊರೆತರೂ ಸೇರಲಾಗದ ಕಾಲೇಜನ್ನು ಬರೆಯಲೇಬಾರದು. ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆಯೊಂದು ನಡೆಯುವುದು ಪಟ್ಟಿಯನ್ನು ತಿದ್ದಿಕೊಳ್ಳುವುದಕ್ಕಾಗಿ. ಹಂಚಿಕೆಯಾದ ಮೇಲೆ ಒಪ್ಪಿ ಸೇರುವುದು, ಒಪ್ಪಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಗೆ ಬರುವುದು ಎಂಬ ಬೇರೆ ಬೇರೆ ದಾರಿಗಳಿರುತ್ತವೆ. ಇವುಗಳಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಒತ್ತಿದರೆ ಎರಡು ವರ್ಷದ ಶ್ರಮ ಒಂದು ಗಳಿಗೆಯಲ್ಲಿ ಹೋಗುತ್ತದೆ. ಆ ಗಳಿಗೆಯಲ್ಲಿ ಪಕ್ಕದಲ್ಲಿ ಕುಳಿತು, ಒಂದೊಂದರ ಅರ್ಥವನ್ನು ಮಗುವಿನ ಮನೆಮಾತಿನಲ್ಲಿ ಹೇಳುವವರೊಬ್ಬರು ಇರಬೇಕು.

ನಾಲ್ಕನೆಯದು ಗುರುವಿನ ಪತ್ರ. ಈ ದೇಶದ ಹೆಚ್ಚಿನ ವಿಶ್ವವಿದ್ಯಾನಿಲಯಗಳು ಅಂಕಗಳನ್ನು ಮಾತ್ರ ಕೇಳುತ್ತವೆ. ಉಪಾಧ್ಯಾಯನ ಅಭಿಪ್ರಾಯವನ್ನು ಕೇಳುವುದಿಲ್ಲ. ಅಂಕಪಟ್ಟಿಯೊಡನೆ ತನ್ನ ಕೆಲಸ ತೀರಿತೆಂಬ ಭಾವನೆ ಉಪಾಧ್ಯಾಯನಲ್ಲಿ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಯೂಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಅರ್ಜಿಗಳು ಹೋಗುತ್ತವೆ. ಶಾಲೆಯವರು ಬರೆಯುವ ಅಭಿಪ್ರಾಯಪತ್ರವು ಅರ್ಜಿಯ ಅಂಗವೇ ಆಗಿದೆ. ವಿದ್ಯಾರ್ಥಿಯ ಸ್ವಂತ ಹೇಳಿಕೆಯು 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿಗೆ ಉತ್ತರವಾಗಿ, ಒಟ್ಟು 4,000 ಅಕ್ಷರಚಿಹ್ನೆಗಳ ಮಿತಿಯಲ್ಲಿ ಇರಬೇಕೆಂದು ಗೊತ್ತುಮಾಡಲಾಯಿತು. ಅಮೆರಿಕದಲ್ಲಿಯೂ ಸಲಹೆಗಾರನ ಪತ್ರಕ್ಕೆ ಬೆಲೆಯುಂಟು. ಬೆಂಗಳೂರಿನ ಪೂರ್ವಭಾಗದಿಂದ ಹೊರದೇಶಕ್ಕೆ ಹೋಗಬಯಸುವ ಮಕ್ಕಳು ಹೆಚ್ಚುತ್ತಿರುವಾಗ, ಇಂತಹ ಪತ್ರವನ್ನು ಬರೆಯುವ ವಿದ್ಯೆಯನ್ನು ಇಲ್ಲಿಯ ಉಪಾಧ್ಯಾಯರೂ ಕಲಿಯುವುದು ಆವಶ್ಯಕ. ಶ್ರಮಜೀವಿ, ಸುಶೀಲ, ಪ್ರತಿಭಾವಂತ ಎಂಬ ವಿಶೇಷಣಗಳ ಮಾಲೆಯಿಂದ ಪ್ರಯೋಜನವಿಲ್ಲ. ಈ ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ಯಾವ ತಪ್ಪನ್ನು ತಾನಾಗಿ ಕಂಡುಹಿಡಿದನು, ಬೆಳಗಿನ ಜಾವ ಹೂವಿನ ಅಂಗಡಿಯಲ್ಲಿ ದುಡಿದು ಬಂದೂ ಎಷ್ಟು ದಿನ ತಪ್ಪದೆ ತರಗತಿಯಲ್ಲಿದ್ದನು ಎಂಬ ಒಂದೆರಡು ನಿಜಾಂಶಗಳು ಸಾಕು. ಇದ್ದುದನ್ನು ಹೇಳಬೇಕು, ಇಲ್ಲದುದನ್ನು ಸೇರಿಸಬಾರದು. ವಿದ್ಯಾರ್ಥಿಯ ಸ್ವಂತ ಹೇಳಿಕೆಯನ್ನು ಉಪಾಧ್ಯಾಯನು ತಾನೇ ಬರೆದುಕೊಡುವುದು ಉಪಕಾರವಲ್ಲ, ಅಪಚಾರ. ಪ್ರಶ್ನೆ ಕೇಳಿ ಮಗುವಿನ ಬಾಯಿಂದಲೇ ಮಾತು ಹೊರಡಿಸುವುದು ಗುರುವಿನ ಕೆಲಸ.

ಐದನೆಯದು ಹಣ ಮತ್ತು ಮನೆ. ಕಾಲೇಜಿನ ಶುಲ್ಕವನ್ನು ಮಾತ್ರ ಲೆಕ್ಕ ಹಾಕಿ ಮಕ್ಕಳು ಹೆದರುತ್ತಾರೆ. ರಾಜ್ಯದ ವಿದ್ಯಾರ್ಥಿವೇತನದ ಜಾಲತಾಣವಿದೆ, ಊಟ ವಸತಿಗೆಂದು ವಿದ್ಯಾಸಿರಿ ಎಂಬ ಯೋಜನೆಯಿದೆ, ಸರ್ಕಾರದ ವಿದ್ಯಾರ್ಥಿನಿಲಯಗಳಿವೆ, ಮಠಗಳ ಪ್ರಸಾದನಿಲಯಗಳಿವೆ, ಬ್ಯಾಂಕಿನ ವಿದ್ಯಾಸಾಲವಿದೆ. ಇವುಗಳಲ್ಲಿ ಯಾವುದು ತಾನಾಗಿ ಬಾಗಿಲಿಗೆ ಬರುವುದಿಲ್ಲ. ಪ್ರತಿಯೊಂದಕ್ಕೂ ಅರ್ಜಿ, ಪ್ರತಿಯೊಂದಕ್ಕೂ ಕೊನೆಯ ದಿನ. ಸೀಟು ಕೊಡಿಸುವೆವೆಂದು ಮುಂಗಡ ಕೇಳುವ ದಳ್ಳಾಳಿಗಳ ಬಲೆಗೆ ತಂದೆತಾಯಿಗಳು ಬೀಳದಂತೆ ಎಚ್ಚರಿಸುವುದೂ ಸಲಹೆಗಾರನ ಧರ್ಮವೇ. ಹೆಣ್ಣುಮಕ್ಕಳ ವಿಷಯದಲ್ಲಿ ದೂರದ ಕಾಲೇಜು ಬೇಡವೆಂಬ ಮಾತು ಮನೆಯಲ್ಲಿ ಮೊದಲು ಬರುತ್ತದೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದನ್ನು ತಿಳಿಸಿ, ಯಾವ ಬಸ್ಸು, ಎಷ್ಟು ಹೊತ್ತು, ಸಂಜೆ ಎಷ್ಟು ಗಂಟೆಗೆ ಮನೆ ಎಂಬುದನ್ನು ತಾಯಿಯ ಮುಂದೆ ಕುಳಿತು ವಿವರಿಸಿದರೆ, ಬೇಡವೆಂಬುದು ಎಷ್ಟೋ ವೇಳೆ ನೋಡೋಣವೆಂದಾಗುತ್ತದೆ. ಅರ್ಜಿಯ ನಮೂನೆಯಲ್ಲಿ ತಾಯಿಯ ಮನಸ್ಸಿಗೆ ಅಂಕಣವಿಲ್ಲ. ಆದರೆ ಅದು ಒಪ್ಪದೆ ಅರ್ಜಿ ಮುಂದೆ ಸಾಗುವುದಿಲ್ಲ.

ಇಷ್ಟು ತಿಳಿದ ಸಲಹೆಗಾರನಿಗೆ ಒಂದು ಮಿತಿಯೂ ಉಂಟು. ದಾರಿಗಳನ್ನೆಲ್ಲ ತೋರಿಸುವುದು ಅವನ ಕೆಲಸ. ದಾರಿಯನ್ನು ಆರಿಸುವುದು ವಿದ್ಯಾರ್ಥಿಯ ಹಕ್ಕು. ಒಳ್ಳೆಯ ಅಂಕ ಬಂದವರೆಲ್ಲರೂ ಎಂಜಿನಿಯರೇ ಆಗಬೇಕೆಂದು ಒತ್ತಾಯಿಸುವುದು, ಕಡಿಮೆ ಅಂಕದವರಿಗೆ ಓದು ಸಾಕೆನ್ನುವುದು, ತನ್ನ ಕಾಲೇಜಿನ ಕೀರ್ತಿಗಾಗಿ ಮಗುವನ್ನು ಇಷ್ಟವಿಲ್ಲದ ಕಡೆ ನೂಕುವುದು, ಇಂತಿಂತಹ ಜಾತಿಯವರಿಗೆ ಇಂತಿಂತಹ ಓದೇ ಸರಿಯೆನ್ನುವುದು, ಇವೆಲ್ಲ ಗುರುಸ್ಥಾನಕ್ಕೆ ಸಲ್ಲದ ನಡೆಗಳು. ಇತಿಹಾಸವನ್ನೋ ಕನ್ನಡವನ್ನೋ ಓದಬಯಸುವ ಮಗುವಿಗೆ ಅದರ ಮುಂದಿನ ದಾರಿಗಳನ್ನು ಅಷ್ಟೇ ಆದರದಿಂದ ಹೇಳತಕ್ಕದ್ದು. ಅರ್ಜಿಯ ಗುಪ್ತಸಂಕೇತವು ವಿದ್ಯಾರ್ಥಿಯ ಕೈಯಲ್ಲಿಯೇ ಇರಬೇಕು. ಅಂಗಡಿಯವನ ಕೈಗೋ, ಸಲಹೆಗಾರನ ಕೈಗೋ ಅದನ್ನು ಕೊಟ್ಟ ಮಗುವು ತನ್ನ ಭವಿಷ್ಯದ ಕೀಲಿಯನ್ನೇ ಕೊಟ್ಟಂತಾಗುತ್ತದೆ. ಕೇಳದೆಯೇ ಆಯ್ಕೆಗಳು ಬದಲಾದರೆ ತಿಳಿಯುವ ಬಗೆಯಿಲ್ಲ.

ಈ ಕಾರ್ಯದಲ್ಲಿ ಭಕ್ತರ ಪಾಲೇನು ಎಂಬ ಪ್ರಶ್ನೆ ಸಹಜ. ದಂಡಿನಲ್ಲಿಯೂ ಪೂರ್ವದ ಬಡಾವಣೆಗಳಲ್ಲಿಯೂ ನಿವೃತ್ತರಾದ ಉಪಾಧ್ಯಾಯರು, ಕಚೇರಿಯವರು, ಕಾರ್ಖಾನೆಯವರು ಅನೇಕರಿದ್ದಾರೆ. ಏಪ್ರಿಲಿನಿಂದ ಆಗಸ್ಟಿನವರೆಗೆ ವಾರಕ್ಕೆರಡು ಸಂಜೆ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಗಣಕಯಂತ್ರ, ಕನ್ನಡ ಉರ್ದು ತಮಿಳುಗಳಲ್ಲಿ ಬರೆದ ಒಂದು ಹಲಗೆ, ಇಷ್ಟಿದ್ದರೆ ಸಾಕು. ಯಾವ ಮತದ, ಯಾವ ಮಾತಿನ ಮಗು ಬಂದರೂ ಕುಳಿತು ಕೇಳುವ ತಾಳ್ಮೆಯೊಂದು ಮಾತ್ರ ಹೆಚ್ಚಾಗಿ ಬೇಕು. ದಾಸೋಹದ ಮನೆಯಲ್ಲಿ ಬಂದವನ ಕುಲವನ್ನು ಕೇಳದೆ ಎಲೆ ಹಾಕುವಂತೆಯೇ ಇಲ್ಲಿಯೂ ನಡೆಯಬೇಕು. ಅನ್ನ ನೀಡುವುದಕ್ಕೆ ಒಲೆ ಬೇಕು, ಧಾನ್ಯ ಬೇಕು. ತಿಳಿದ ದಾರಿಯನ್ನು ಹೇಳುವುದಕ್ಕೆ ಅಷ್ಟೂ ಬೇಕಾಗಿಲ್ಲ.

ಕಡೆಯದಾಗಿ ಒಂದು ಮಾತು. ಕಾಲೇಜುಗಳು ಪ್ರತಿವರ್ಷವೂ ತಮ್ಮಲ್ಲಿ ಎಷ್ಟು ಮಂದಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರೆಂದು ಹಲಗೆಯ ಮೇಲೆ ಬರೆಯುತ್ತವೆ. ಅದು ಸಂತೋಷವೇ. ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿಯೂ ಇರಬೇಕು: ತೇರ್ಗಡೆಯಾದವರಲ್ಲಿ ಪ್ರತಿಯೊಬ್ಬನೂ ಈಗ ಎಲ್ಲಿದ್ದಾನೆ? ಯಾವ ಕಾಲೇಜು, ಯಾವ ವಿಷಯ, ಇಲ್ಲವೇ ಯಾವ ಕೆಲಸ? ಹೆಸರಿನ ಮುಂದೆ ಏನೂ ಬರೆಯಲಾಗದ ಸಾಲುಗಳು ಎಷ್ಟಿವೆಯೋ ಅಷ್ಟು ಮಕ್ಕಳು ನಡುದಾರಿಯಲ್ಲಿ ಉಳಿದರೆಂದು ತಿಳಿಯತಕ್ಕದ್ದು. ಸೆಪ್ಟೆಂಬರ್ ತಿಂಗಳಿನಲ್ಲಿ ಆ ಖಾಲಿ ಸಾಲುಗಳ ಮಕ್ಕಳ ಮನೆಗೆ ಒಬ್ಬ ಉಪಾಧ್ಯಾಯರು ಹೋಗಿ ಕದ ತಟ್ಟಿದರೆ, ಮುಂದಿನ ವರ್ಷಕ್ಕಾದರೂ ದಾರಿ ಕಂಡೀತು. ಖಾಲಿ ಸಾಲುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವುದೇ ಈ ಸೇವೆಯ ಅಳತೆ. ಶಿವಾಜಿನಗರದಿಂದ ಕೃಷ್ಣರಾಜಪುರದವರೆಗಿನ ಎಲ್ಲ ಉಪಾಧ್ಯಾಯರೂ ಭಕ್ತರೂ ಈ ಅಳತೆಯನ್ನು ಕೈಗೆ ತೆಗೆದುಕೊಳ್ಳಲೆಂದು ಸಭೆಯಲ್ಲಿ ವಿನಯಪೂರ್ವಕವಾದ ಅರಿಕೆ.